ಸಂತೆಯಲ್ಲಿ ಸವಿ ನೋಡುವುದು

ಆಕಾಶವಾಣಿಯ ಪೆಟ್ಟಿಗೆಯಿಂದ ಸಂಗೀತ ಬರುತ್ತದೆ, ನಾಟಕ ಬರುತ್ತದೆ, ನಾಳೆ ಮಳೆಯಾಗುವುದೋ ಇಲ್ಲವೋ ಎಂಬ ಸುದ್ದಿಯೂ ಬರುತ್ತದೆ. ಬಾರದಿರುವುದು ಒಂದೇ ಒಂದು, ಅದು ರುಚಿ. ಅಡಿಗೆಯ ವಿಷಯವಾಗಿ ಎಷ್ಟು ಭಾಷಣಗಳಾದರೂ ಕೇಳಿದವರ ನಾಲಗೆಗೆ ಒಂದು ಹನಿ ಸಾರೂ ಬಿದ್ದುದಿಲ್ಲ. ಆದುದರಿಂದ ಈ ಹೊತ್ತು ನಾನು ರುಚಿಯನ್ನೇ ವಿಷಯವಾಗಿ ಆರಿಸಿಕೊಂಡದ್ದು ಒಂದು ಬಗೆಯ ಸಾಹಸವೆಂದು ನೀವು ಭಾವಿಸಿದರೆ ತಪ್ಪಿಲ್ಲ. ನಾನು ಹೇಳಹೊರಟಿರುವುದು ಅಡಿಗೆಯ ರುಚಿಯನ್ನಲ್ಲ. ಸಂತೆಯಲ್ಲಿ ನಿಂತು, ಕೊಳ್ಳುವುದಕ್ಕೆ ಮುಂಚೆ ಒಂದು ಚೂರನ್ನು ನಾಲಗೆಯ ಮೇಲೆ ಇಟ್ಟು ನೋಡುತ್ತೇವಲ್ಲ, ಆ ರುಚಿಯನ್ನು ಕುರಿತು ನಾಲ್ಕು ಮಾತು.

ಕನ್ನಡ ಪಂಡಿತನಾದವನು ಮಾತಿನ ಮೂಲಕ್ಕೆ ಹೋಗದೆ ಮುಂದಕ್ಕೆ ಹೋಗಲಾರ, ಅಭ್ಯಾಸಬಲ, ಕ್ಷಮಿಸಬೇಕು. ‘ರುಚಿ’ ಎಂಬುದು ಸಂಸ್ಕೃತದ ಮಾತು. ಅದರ ಧಾತುವಿಗೆ ಬೆಳಗುವುದು, ಹೊಳೆಯುವುದು ಎಂದು ಅರ್ಥ. ನಾಲಗೆಗೆ ಬಿದ್ದ ಪದಾರ್ಥದ ಗುಣ ಮನಸ್ಸಿನಲ್ಲಿ ಫಕ್ಕನೆ ಬೆಳಗುತ್ತದೆ. ಅದೇ ರುಚಿ ಎಂದು ಇಟ್ಟುಕೊಳ್ಳಬಹುದು. ನಮ್ಮ ಅಚ್ಚಗನ್ನಡದ ಮಾತು ‘ಸವಿ’. ‘ಸವಿ ನೋಡು’ ಎನ್ನುತ್ತೇವೆ. ನೋಡುವುದು ಕಣ್ಣಿನ ಕೆಲಸ, ಸವಿಯುವುದು ನಾಲಗೆಯ ಕೆಲಸ. ಆದರೂ ನಾಲಗೆಗೂ ಒಂದು ಕಣ್ಣುಂಟೆಂದು ನಮ್ಮ ಹಿರಿಯರು ಒಪ್ಪಿಕೊಂಡಿದ್ದರು. ಆ ಕಣ್ಣು ತೆರೆಯುವುದು ಸಂತೆಯಲ್ಲಿ.

ಈ ವಿಚಾರ ನನ್ನ ತಲೆಗೆ ಹೊಕ್ಕದ್ದು ನನ್ನ ತಂಗಿಯ ಮಗನ ದೆಸೆಯಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಕಚೇರಿಯ ಕೆಲಸದ ಮೇಲೆ ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ಹೋಗಿ ಬಂದವನು ನಮ್ಮ ಮನೆಗೆ ಬಂದಾಗ ಅಲ್ಲಿಯ ಬೊಕೆರಿಯಾ ಎಂಬ ಮಾರುಕಟ್ಟೆಯನ್ನು ಬಣ್ಣಿಸಿದ. ಬಹು ಹಳೆಯ ಮಾರುಕಟ್ಟೆಯಂತೆ. ಅದರ ಮೊದಲ ಉಲ್ಲೇಖ 1217ನೆಯ ಇಸವಿಯದೆಂದು ಹೇಳುತ್ತಾರೆ. ಈಗಿನ ಕಟ್ಟಡದ ಕೆಲಸ ಮೊದಲಾದದ್ದು 1840ರಲ್ಲಿ. ಕಬ್ಬಿಣದ ಮಾಡು ಬಂದದ್ದು 1914ರಲ್ಲಿ. ಅಲ್ಲಿ ಒಬ್ಬ ಮಾರ್ಗದರ್ಶಿ ಮುಂದೆ ಮುಂದೆ ನಡೆಯುತ್ತಾನೆ. ಹತ್ತು ಮಂದಿ ಹಿಂದೆ ಹಿಂದೆ. ಒಂದು ಅಂಗಡಿಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಆಲಿವ್ ಕಾಯಿ, ಇನ್ನೊಂದರಲ್ಲಿ ಗಿಣ್ಣು, ಮತ್ತೊಂದರಲ್ಲಿ ಉಪ್ಪು ಹಾಕಿ ತಿಂಗಳುಗಟ್ಟಲೆ ಗಾಳಿಗೆ ಒಣಗಿಸಿದ ಹಂದಿಯ ತೊಡೆಯ ತೆಳುವಾದ ಹೋಳು—ಹೀಗೆ ಒಂದೊಂದು ತುತ್ತು ರುಚಿ ನೋಡುತ್ತ, ಆ ಪದಾರ್ಥದ ಕಥೆ ಕೇಳುತ್ತ, ಎರಡು ಮೂರು ಗಂಟೆ ತಿರುಗಾಡುವುದು. ಅದಕ್ಕೆ ಮೊದಲೇ ಶುಲ್ಕ ಕಟ್ಟಬೇಕು.

“ಮಾವ, ಮುಂದಿನ ಸಲ ನನ್ನ ಸ್ನೇಹಿತರನ್ನು ಕರಕೊಂಡು ಬರ್ತೀನಿ. ನಮ್ಮ ಸಂತೆಯನ್ನ ನೀವು ಹಾಗೆಯೇ ತೋರಿಸಬೇಕು” ಎಂದ.

ನನಗೂ ಉಬ್ಬು ಬಂತು. ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ—ಈ ನಾಲ್ಕು ತಾಲ್ಲೂಕುಗಳಲ್ಲಿಯೂ ವರ್ಗವಾಗಿ ತಿರುಗಿದ್ದೇನೆ. ಹೊಸ ಊರಿಗೆ ಹೋದಾಗ ನನಗೆ ಮೊದಲು ಪರಿಚಯವಾಗುತ್ತಿದ್ದುದು ಹೆಡ್‌ಮಾಸ್ತರರಲ್ಲ, ಸಂತೆಮಾಳ. ಮನೆಯವಳು ಚೀಲ ಕೊಟ್ಟು ಕಳಿಸುವಳು. ನಾನು ತರುವ ಬದನೆಕಾಯಿಯಿಂದ ಆ ಊರಿನ ಯೋಗ್ಯತೆಯನ್ನು ಅಳೆಯುವಳು. ಹಾಗಾಗಿ ಸಂತೆಯ ಮಟ್ಟಿಗೆ ನಾನು ಅನುಭವಸ್ಥನೆಂದೇ ತಿಳಿದುಕೊಂಡಿದ್ದೆ.

ನಮ್ಮ ಸಂತೆಗೆ ಕಬ್ಬಿಣದ ಮಾಡಿಲ್ಲ. ವಾರದ ಆರು ದಿನ ಅದು ಬರಿಯ ಬಯಲು. ದನ ಮಲಗಿರುತ್ತದೆ, ಹುಡುಗರು ಚೆಂಡಾಡುತ್ತಾರೆ. ಏಳನೆಯ ದಿನ ಬೆಳಕು ಹರಿಯುವುದರೊಳಗಾಗಿ ಗೂಟ ನೆಟ್ಟು ಟಾರ್ಪಾಲು ಕಟ್ಟಿ, ನೆಲದ ಮೇಲೆ ಗೋಣಿ ಹಾಸಿ, ಒಂದು ಊರೇ ಎದ್ದು ನಿಲ್ಲುತ್ತದೆ. ಸುಂಕದವನು ಚೀಟಿ ಹರಿದು ಹಣ ತೆಗೆದುಕೊಳ್ಳುತ್ತಾನೆ. ರಾತ್ರಿ ಊಟದ ಹೊತ್ತಿಗೆ ಮತ್ತೆ ಬಯಲು. ‘ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ’ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆ ಒಂದು ದಿನ ತಪ್ಪಿದರೆ ಮಾರುವವನಿಗೂ ಕೊಳ್ಳುವವನಿಗೂ ಮತ್ತೆ ಒಂದು ವಾರ ಕಾಯುವ ಯೋಗ. ಈ ವಾರದ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈಗ ನಾಲ್ಕು ಸಂತೆಗಳನ್ನು ಮಾತಿನಲ್ಲಿಯೇ ಸುತ್ತಿ ಬರೋಣ.

ಮೊದಲು ಕೃಷ್ಣರಾಜನಗರ. ಹಳಬರ ಬಾಯಲ್ಲಿ ಅದು ಇನ್ನೂ ಎಡತೊರೆಯ ಸೀಮೆ. ಹಳೆಯ ಎಡತೊರೆ ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ನೊಂದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಎತ್ತರದ ನೆಲದಲ್ಲಿ ಕಟ್ಟಿದ ಹೊಸ ಪಟ್ಟಣಕ್ಕೆ ಅವರ ಹೆಸರೇ ಬಂತು. ಕಾವೇರಿಯ ನಾಲೆಗಳ ನೀರು ಕುಡಿದ ನೆಲ, ಭತ್ತದ ನಾಡು. ಇಲ್ಲಿ ಅಕ್ಕಿಯ ರುಚಿ ನೋಡುವ ಕ್ರಮವನ್ನು ನೋಡಬೇಕು. ಬೇಯಿಸಿದ ಅನ್ನವನ್ನಲ್ಲ, ಹಸಿ ಅಕ್ಕಿಯನ್ನು. ಅನುಭವಸ್ಥನಾದ ರೈತ ಅಂಗೈಗೆ ಹತ್ತು ಕಾಳು ಹಾಕಿಕೊಂಡು, ಉಜ್ಜಿ, ಊದಿ, ಎರಡು ಕಾಳನ್ನು ಮುಂಬಲ್ಲಿನಿಂದ ಕಡಿಯುತ್ತಾನೆ. ಕಟ್ಟೆಂದು ಮುರಿದರೆ ಹಳೆಯ ಅಕ್ಕಿ, ಅನ್ನ ಉದುರುದುರಾಗುತ್ತದೆ. ಹಿಟ್ಟಾಗಿ ಹಲ್ಲಿಗೆ ಹತ್ತಿದರೆ ಹೊಸತು, ಅನ್ನ ಮುದ್ದೆಯಾಗುತ್ತದೆ. ರಾಜಮುಡಿಯಂಥ ಕೆಂಪು ಛಾಯೆಯ ನಾಟಿ ಅಕ್ಕಿಯನ್ನು ಅಗಿದರೆ ಸ್ವಲ್ಪ ಹೊತ್ತಿಗೆ ಒಂದು ಮೆಲ್ಲನೆಯ ಸಿಹಿ ಬಾಯಿಗೆ ಬರುತ್ತದೆ.

ಬೆಲ್ಲದ ಅಂಗಡಿಯೂ ಅಲ್ಲಿಯೇ. ಬೆಲ್ಲ ಕೊಳ್ಳುವಾಗ ಕಣ್ಣನ್ನು ನಂಬಬಾರದು. ಹೊಂಬಣ್ಣದ ಅಚ್ಚು ನೋಡುವುದಕ್ಕೆ ಚೆಂದ. ಆದರೆ ಆಲೆಮನೆಯಲ್ಲಿ ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಕಂದು ಬಣ್ಣದ ಉಂಡೆ ನೋಟಕ್ಕೆ ಸಾಧಾರಣ, ನಾಲಗೆಗೆ ಶ್ರೇಷ್ಠ. ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿಯದೆ ಕರಗಲು ಬಿಡಬೇಕು. ಕೊನೆಯಲ್ಲಿ ಉಪ್ಪು ಉಪ್ಪಾಗಿ ಉಳಿದರೆ ಕಬ್ಬಿನ ಗದ್ದೆಯ ಮಣ್ಣೋ ನೀರೋ ಸವಳು ಎಂದು ತಿಳಿಯಬೇಕು. ನೋಡಿ, ಒಂದು ಚೂರು ಬೆಲ್ಲ ಎಲ್ಲಿಯೋ ಇರುವ ಬಾವಿಯ ನೀರಿನ ಸಮಾಚಾರವನ್ನು ತಂದು ಹೇಳುತ್ತದೆ! ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಬೆಂಡು, ಬತ್ತಾಸು, ಕಡ್ಲೆಪುರಿ ಬೇಕೆಂದರೆ ಅಲ್ಲಿಗೆ ಹೋಗಬೇಕು. ಪುರಿಯನ್ನು ಈಗಲೂ ಸೇರಿನಲ್ಲಿಯೇ ಅಳೆಯುತ್ತಾರೆ. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲಿಯೇ ಬಂತು. ಪುರಿಯವನಿಗೆ ಅದು ಇನ್ನೂ ತಿಳಿದಂತಿಲ್ಲ.

ಅಲ್ಲಿಂದ ಪಿರಿಯಾಪಟ್ಟಣ. ‘ಪಿರಿಯ’ ಎಂದರೆ ಹಿರಿಯ. ಹಳಗನ್ನಡದ ಪಕಾರ ಬಹಳ ಕಡೆ ಹಕಾರವಾದರೂ ಈ ಊರಿನ ಹೆಸರಿನಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿದೆ. ಕೊಡಗಿನ ಗಡಿ ಹತ್ತಿರವಾದುದರಿಂದ ಸಂತೆಗೆ ಕರಿಮೆಣಸು ಬರುತ್ತದೆ, ಕಿತ್ತಳೆಯ ಕಾಲದಲ್ಲಿ ಕಿತ್ತಳೆ ಬರುತ್ತದೆ. ಶುಂಠಿಯ ಬೆಳೆ ಈ ಕಡೆ ಹಬ್ಬಿದ ಮೇಲೆ ಹಸಿಶುಂಠಿಯ ರಾಶಿಗಳೂ ಕಾಣುತ್ತವೆ. ಶುಂಠಿಯನ್ನು ಮುರಿದು ನೋಡುವುದು ಪದ್ಧತಿ. ನಾರು ಎಳೆಎಳೆಯಾಗಿ ಹೊರಟರೆ ಬಲಿತದ್ದು, ಒಣಗಿಸುವುದಕ್ಕೆ ಸರಿ. ಗಜ್ಜರಿಯಂತೆ ಪಟ್ಟನೆ ಮುರಿದು ರಸ ಒಸರಿದರೆ ಎಳೆಯದು, ಉಪ್ಪಿನಕಾಯಿಗೆ ಸರಿ. ಇದೇ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಮೊದಲಲ್ಲಿ ಟಿಬೆಟ್ಟಿನಿಂದ ಬಂದ ನಿರಾಶ್ರಿತರು ನೆಲೆಸಿದರು. ಅಲ್ಲಿ ಇಂದು ಮೊಮೊ ಎಂಬ ಆವಿಯಲ್ಲಿ ಬೇಯಿಸಿದ ಕಡುಬು ದೊರೆಯುತ್ತದೆ. ನಮ್ಮ ಹೆಂಗಸರು ಅದನ್ನು ‘ಖಾರದ ಮೋದಕ’ ಎಂದು ಕರೆದು ತಮ್ಮದನ್ನಾಗಿ ಮಾಡಿಕೊಂಡರೆ ಆಶ್ಚರ್ಯವಿಲ್ಲ. ಸಂತೆಗೆ ಬಂದವರೆಲ್ಲ ಮೊದಲು ಪರಸ್ಥಳದವರೇ. ಹಸಿಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆ, ಸೀಬೆಹಣ್ಣು, ಸೀತಾಫಲ—ಇವೆಲ್ಲ ಅಮೆರಿಕಾ ಖಂಡದಲ್ಲಿ ಹುಟ್ಟಿ, ಸ್ಪೇನ್ ಪೋರ್ಚುಗಲ್ ದೇಶದವರ ಹಡಗುಗಳ ಕಾಲದ ಮೇಲೆ ನಮ್ಮಲ್ಲಿಗೆ ಬಂದವು. ನನ್ನ ಸೋದರಳಿಯ ಸ್ಪೇನಿಗೆ ಹೋಗಿಬಂದದ್ದು ಮೊನ್ನೆ. ನಮ್ಮ ಚಟ್ನಿಯ ಖಾರಕ್ಕೂ ಆ ಕಡೆಗೂ ನಂಟು ನೂರಾರು ವರ್ಷಗಳದು.

ಮೂರನೆಯದು ಹೆಗ್ಗಡದೇವನಕೋಟೆ, ನಮ್ಮವರ ಮಾತಿನಲ್ಲಿ ಬರಿಯ ‘ಕೋಟೆ’. ಕಾಡಂಚಿನ ತಾಲ್ಲೂಕು. ಇಲ್ಲಿ ಅಂತರಸಂತೆ ಎಂಬ ಊರೇ ಉಂಟು; ಸಂತೆಯನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಮಳೆಗಾಲದಲ್ಲಿ ಬಿದಿರಿನ ಮೊಳಕೆ, ಕಳಲೆ, ಬರುತ್ತದೆ. ಅದನ್ನು ಮಾತ್ರ ಸಂತೆಯಲ್ಲಿ ಬಾಯಿಗೆ ಹಾಕಬಾರದು. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನದಿನವೂ ನೀರು ಬದಲಿಸಿ, ಅದರ ನಂಜನ್ನು ಕಳೆದ ಮೇಲೆಯೇ ಒಲೆಗೇರಿಸಬೇಕು. ರುಚಿ ನೋಡುವ ವಿದ್ಯೆಯಲ್ಲಿ ಯಾವುದನ್ನು ನೋಡಬಾರದೆಂಬುದೂ ಒಂದು ಪಾಠ. ಜೇನು ಕಾಡಿನ ಮುಖ್ಯ ಫಲ. ಜೇನು ಕುರುಬರ ಹೆಸರೇ ಅವರ ಕಸುಬನ್ನು ಹೇಳುತ್ತದೆ. ಹೆಜ್ಜೇನು, ತುಡುವೆ, ಕೋಲುಜೇನು ಎಂದು ನೊಣಗಳ ಭೇದವಿದ್ದಂತೆ ರುಚಿಯ ಭೇದವೂ ಇದೆ. ಯಾವ ಹೂವಿನ ಕಾಲದಲ್ಲಿ ಕಿತ್ತದ್ದೋ ಅದರ ವಾಸನೆ ಅದಕ್ಕೆ. ನೇರಳೆ ಹೂ ಬಿಟ್ಟ ಕಾಲದ ಜೇನಿಗೆ ಕೊನೆಯಲ್ಲಿ ಸಣ್ಣ ಕಹಿ ಇರುತ್ತದೆ. ಪಟ್ಟಣದವರು ಅದನ್ನು ಕೆಟ್ಟುಹೋದದ್ದೆಂದು ಬಿಟ್ಟುಹೋಗುತ್ತಾರೆ. ಬಲ್ಲವರು ಅದನ್ನೇ ಹುಡುಕಿಕೊಂಡು ಬರುತ್ತಾರೆ. ಕಾಡಿನಲ್ಲಿ ಜೇನು ಕೀಳುವ ಹಕ್ಕು ಒಂದು ದೊಡ್ಡ ಕಥೆ. 1972ರ ವನ್ಯಜೀವಿ ಕಾನೂನಿನಿಂದ ಹಿಡಿದು 2006ರ ಅರಣ್ಯ ಹಕ್ಕು ಕಾನೂನಿನವರೆಗೆ ಅದು ನಡೆದು ಬಂದಿದೆ. ಅಂಗೈಯ ಮೇಲೆ ಒಂದು ತೊಟ್ಟು ಜೇನು ಬಿದ್ದಾಗ ಅದರ ಹಿಂದೆ ಇಷ್ಟೆಲ್ಲ ಇದೆಯೆಂದು ನೆನೆದರೆ ಸಾಕು.

ಕೋಟೆಯ ಸಂತೆಯಲ್ಲಿ ರಾಗಿಯೇ ದೊರೆ. ನಗರದ ಭತ್ತವನ್ನೂ ಕೋಟೆಯ ರಾಗಿಯನ್ನೂ ನೆನೆದಾಗಲೆಲ್ಲ ನನಗೆ ಕನಕದಾಸರ ರಾಮಧಾನ್ಯಚರಿತೆ ಜ್ಞಾಪಕಕ್ಕೆ ಬರುತ್ತದೆ. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ವ್ಯಾಜ್ಯ ಶ್ರೀರಾಮನ ಮುಂದೆ ಬಂದಾಗ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಆಮೇಲೆ ತೀರ್ಪು ಹೇಳಿದನೆಂಬುದು ಅದರ ಕಥೆ. ಅಲ್ಲಿ ಪರೀಕ್ಷೆ ರುಚಿಯದಲ್ಲ, ಬಾಳಿಕೆಯದು, ರಾಗಿ ಗೆದ್ದಿತು. ರಾಗಿ ಕೊಳ್ಳುವವನು ಕೈಯನ್ನು ಮೂಟೆಯ ಆಳಕ್ಕೆ ಇಳಿಸಿ ನಡುವಿನ ಕಾಳನ್ನು ತೆಗೆದು ಮೂಸಿ, ಕಡಿದು ನೋಡುವನು. ಮೇಲಿನ ಕಾಳನ್ನು ನಂಬುವವನು ಸಂತೆಗೆ ಹೊಸಬ.

ಕೊನೆಗೆ ಹುಣಸೂರು, ನಾನು ಈಗಿರುವ ಊರು. ಲಕ್ಷ್ಮಣತೀರ್ಥದ ದಡದ ಊರು. ಹೆಸರು ಹುಣಸೆಯಿಂದ ಬಂದಿತೆಂದು ಹೇಳುವುದು ವಾಡಿಕೆ. ಹೊರಗಿನವರಿಗೆ ಮಾತ್ರ ಈ ಸೀಮೆ ಪರಿಚಯವಾಗಿರುವುದು ಹೊಗೆಸೊಪ್ಪಿನಿಂದ. ಸುತ್ತ ಹೊಗೆಸೊಪ್ಪಿನ ಹೊಲಗಳು, ಅದನ್ನು ಹದ ಮಾಡುವ ಬ್ಯಾರನ್ನುಗಳು. ಅವುಗಳ ನಡುವೆಯೂ ಸಂತೆಗೆ ಬೇಕಾದ ಅವರೆ, ಅಲಸಂದೆ, ಸೊಪ್ಪು, ಸೌತೆಯನ್ನು ಬೆಳೆಯುವವರು ಇದ್ದಾರೆ. ಅವರಿಂದ ನಮ್ಮ ಒಲೆ ಉರಿಯುತ್ತದೆ. ಮಾಗಿಯ ಚಳಿಯಲ್ಲಿ ಅವರೆಕಾಯಿ ಬಂದಾಗ ಸಂತೆಗೆ ಸಂತೆಯೇ ಘಮಘಮಿಸುತ್ತದೆ. ಅದನ್ನು ತಿಂದು ನೋಡಬೇಕಾಗಿಲ್ಲ. ಕಾಯನ್ನು ಬೆರಳಿನಿಂದ ತಿಕ್ಕಿದರೆ ಎಣ್ಣೆಯಂಥ ಜಿಡ್ಡು ಹತ್ತಬೇಕು, ಸೊಗಡು ಮೂಗಿಗೆ ಬಡಿಯಬೇಕು. ಸೌತೆಕಾಯಿಯಾದರೆ ತೊಟ್ಟಿನ ಕಡೆಯ ಹೋಳನ್ನು ಕೇಳಿ ತಿನ್ನಬೇಕು. ಕಹಿ ಇದ್ದರೆ ಅಲ್ಲಿಯೇ ಇರುತ್ತದೆ. ಜಾಣ ಮಾರುವವನು ಕೊಡುವುದು ಇನ್ನೊಂದು ತುದಿಯದು.

ಇಷ್ಟೆಲ್ಲ ಪಾಂಡಿತ್ಯವನ್ನು ಸಿದ್ಧಮಾಡಿಟ್ಟುಕೊಂಡಿದ್ದೆ. ಒಂದು ಸಂತೆಯ ದಿನ ಸೋದರಳಿಯನೂ ಅವನ ಆರು ಮಂದಿ ಸ್ನೇಹಿತರೂ ಬಂದರು. ಒಳ್ಳೆಯ ಮಕ್ಕಳು, ವಿನಯವಂತರು. ನಾನು ಮುಂದೆ, ಅವರು ಹಿಂದೆ. ಕಡಲೆಕಾಯಿಯವನ ಹತ್ತಿರ ಒಂದೊಂದು ಹಿಡಿ, ಹುಣಸೆಹಣ್ಣಿನವಳ ಹತ್ತಿರ ಒಂದೊಂದು ಚೂರು. ನಾನು ವಿವರಿಸುವುದು, ಅವರು ಫೋನಿನಲ್ಲಿ ಚಿತ್ರ ತೆಗೆಯುವುದು. ಸಂತೆಯ ಪರಿಚಯಸ್ಥರೆಲ್ಲ “ಏನ್ ಮೇಷ್ಟ್ರೆ, ನೆಂಟ್ರಾ?” ಎಂದು ಕೇಳುವರು. ನನಗೆ ಹಿಗ್ಗು.

ಸಂತೆಯ ಒಂದು ಮೂಲೆಯಲ್ಲಿ ಬೆಣ್ಣೆಯ ಅವ್ವ ಕೂಡುತ್ತಾಳೆ. ಹಿಂದೆ ಬೆಣ್ಣೆ ಮಾರುವ ಹೆಂಗಸರ ಒಂದು ಸಾಲೇ ಇರುತ್ತಿತ್ತು. ಈಗ ಹಳ್ಳಿಹಳ್ಳಿಗೂ ಹಾಲಿನ ಡೇರಿ ಬಂದಿದೆ. ಬೆಳಗ್ಗೆ ಸಂಜೆ ಹಾಲು ಅಳೆದು ಬಂದರೆ ಲೆಕ್ಕ ಚೊಕ್ಕ, ಹಣ ಖಾತ್ರಿ. ಅದು ಒಳ್ಳೆಯದೇ ಆಯಿತು. ಆದರೆ ಹಾಲು ಹೆಪ್ಪಾಗಿ, ಕಡೆದು, ಬೆಣ್ಣೆಯಾಗಿ ಸಂತೆಗೆ ಬರುವುದು ಅಪರೂಪವಾಯಿತು. ಈ ಅವ್ವ ಮಾತ್ರ ಒಂದು ಎಮ್ಮೆಯ ಹಾಲನ್ನು ಡೇರಿಗೆ ಹಾಕದೆ ಉಳಿಸಿಕೊಂಡು, ವಾರಕ್ಕೊಂದು ಮುದ್ದೆ ಬೆಣ್ಣೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ನೀರಿನ ಪಾತ್ರೆಯಲ್ಲಿಟ್ಟು ತರುತ್ತಾಳೆ. ಮಾರಿದ ಹಣದಿಂದ ವಾರದ ಎಣ್ಣೆ, ಬೇಳೆ, ಎಲೆಅಡಿಕೆ ಕೊಂಡು ಮನೆಗೆ ಹೋಗುತ್ತಾಳೆ.

“ಇದು ನೋಡ್ರಪ್ಪಾ, ಅಂಗಡಿಯಲ್ಲಿ ಸಿಗುವ ಬೆಣ್ಣೆಯಲ್ಲ” ಎಂದು ನಾನು ಆರಂಭಿಸಿದೆ. ಅವ್ವ ಎಲೆಯ ಚೂರಿನಿಂದ ಕೊಂಚ ಬೆಣ್ಣೆ ತೆಗೆದು ನನ್ನ ಕೈಗೆ ಕೊಟ್ಟಳು. ಅವಳು ಇನ್ನೊಂದು ಎಲೆಯ ಚೂರನ್ನು ಹರಿಯುವುದರೊಳಗಾಗಿ ಹುಡುಗರು ತಾವೇ ಬೆರಳು ಹಾಕಿದರು. ಏಳು ಬೆರಳು. ಒಬ್ಬನಿಗೆ ಬಹಳ ರುಚಿಸಿತು. ಬೆರಳು ಚೀಪಿ ಅದೇ ಬೆರಳನ್ನು ಎರಡನೆಯ ಸಲ ಹಾಕಿದ. ಅವನಿಗೆ ಗೊತ್ತಿಲ್ಲ. ನಾನು ಆಗ ಬೆಣ್ಣೆಯನ್ನು ಕುರಿತು ಭಾಷಣದಲ್ಲಿ ಮುಳುಗಿದ್ದೆ, ನೋಡಲಿಲ್ಲ. ಕೊಳ್ಳೋಣವೆಂದು ಒಂದಿಬ್ಬರು ಫೋನು ತೆಗೆದರು. ಅವ್ವನ ಹತ್ತಿರ ಫೋನಿಗೆ ಹಣ ಹಾಕಿಸಿಕೊಳ್ಳುವ ಏರ್ಪಾಡಿಲ್ಲ. ಅವರ ಜೇಬಿನಲ್ಲಿ ಒಂದು ನೋಟೂ ಇಲ್ಲ. ನನ್ನ ಜೇಬಿನಲ್ಲಿದ್ದುದು ಆಗಲೇ ಕಡಲೆಕಾಯಿಗೂ ಜೇನಿಗೂ ಖರ್ಚಾಗಿತ್ತು. “ಆಮೇಲೆ ಬರೋಣ” ಎಂದುಕೊಂಡು ಮುಂದಕ್ಕೆ ಹೋದೆವು. ಆಮೇಲೆ ಬಿಸಿಬಿಸಿ ಬೋಂಡ ಸಿಕ್ಕಿತು, ಬೆಣ್ಣೆ ಮರೆತೇಹೋಯಿತು.

ಮುಂದಿನ ಸಂತೆಗೆ ಒಬ್ಬನೇ ಹೋದೆ. ವೀಳ್ಯದೆಲೆ ಮಾರುವಾತ ಕರೆದು, ತಗ್ಗಿದ ದನಿಯಲ್ಲಿ ಹೇಳಿದ: “ಮೇಷ್ಟ್ರೆ, ತೆಪ್ ತಿಳ್ಕಬ್ಯಾಡಿ. ಓದ್‌ವಾರ ನಿಮ್ಮ ಕಡೆಯೋರು ಬೆಳ್ಳಾಕಿ ಓದ್ರಲ್ಲ, ಆಮೇಕೆ ಆ ಅವ್ವನ ಬೆಣ್ಣೆ ಒಬ್ರೂ ತಕ್ಕಳ್ನಿಲ್ಲ. ಎಂಜ್ಲು ಅಂದ್ಬುಟ್ರು. ಬರಿ ಚೀಲ ಇಡ್ಕಂಡು ಮನೆಗೋಯ್ತು ಪಾಪ.”

ನನಗೆ ಮುಖ ಎತ್ತಿ ನಿಲ್ಲುವುದಕ್ಕಾಗಲಿಲ್ಲ. ಮಕ್ಕಳಿಗೆ ಇಪ್ಪತ್ತೆಂಟು ವರ್ಷದಿಂದ ನೀತಿಪಾಠ ಹೇಳುತ್ತಿದ್ದೇನೆ. ನಾನು ಚಿಕ್ಕವನಾಗಿದ್ದಾಗ ನನ್ನ ತಂದೆ ಸಂತೆಗೆ ಕರೆದುಕೊಂಡು ಹೋಗುವಾಗ ಹೇಳುತ್ತಿದ್ದರು, “ಕೊಳ್ಳುವ ಮನಸ್ಸಿದ್ದರೆ ಕೈ ಚಾಚು, ಇಲ್ಲದಿದ್ದರೆ ಕೈ ಕಟ್ಟಿಕೊಂಡು ನಡಿ” ಎಂದು. ಆ ಮಾತೂ ಅಂದು ಜ್ಞಾಪಕಕ್ಕೆ ಬರಲಿಲ್ಲ. ನೇರವಾಗಿ ಅವ್ವನ ಹತ್ತಿರ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತು, “ಅವ್ವಾ, ಹೋದ ವಾರದ್ದು ನನ್ನ ತಪ್ಪು. ಆ ಬೆಣ್ಣೆಯ ಹಣ ಎಷ್ಟಾಯಿತು ಹೇಳು, ಕೊಡುತ್ತೇನೆ” ಎಂದೆ.

ಅವಳು ಹಣದ ಕಡೆ ನೋಡಲಿಲ್ಲ. “ಕಾಸ್ ಯಾಕ್ ಮೇಷ್ಟ್ರೆ? ರುಚಿ ನೋಡಿದ್‌ಕ್ಕೆಲ್ಲ ಕಾಸ್ ಇಸ್ಕಂಡ್ರೆ ನಾನು ಯಾಪಾರದೋಳಾಗಲ್ಲ, ಓಟ್ಲೋಳಾಯ್ತೀನಿ” ಎಂದು ನಕ್ಕಳು. ಆಮೇಲೆ ಸ್ವಲ್ಪ ತಡೆದು ಹೇಳಿದಳು: “ಬೆಳ್ಳಾಕಿದ್ದು ಓಗ್ಲಿ, ಉಡುಗ್ರು, ತಿಳೀದು. ಆದ್ರೆ ಒಂದ್ ಮಾತು. ನಾಲ್ಗೆ ಮ್ಯಾಲೆ ಮಡಿಕ್ಕಂಡೋರು ಚೆಂದಾಗದೆ ಅಂತಲೋ, ಉಳಿಯಾಗದೆ ಅಂತಲೋ ಒಂದ್ ಮಾತ್ ಏಳ್ಬೇಕು. ಅವ್ರು ಏನೂ ಏಳ್ದೆ ಎದ್ದೋದ್ರು. ನೋಡ್ತಾ ನಿಂತಿದ್ದೋರು ಏನ್ ತಿಳ್ಕಂಡಾರು? ಏಳು ಜನ ತಿಂದು ಒಬ್ರೂ ತಕ್ಕಳ್ನಿಲ್ಲ ಅಂದ್ರೆ ಬೆಣ್ಣೆ ಕೆಟ್ಟದೆ ಅಂತ ತಾನೆ?”

ಶ್ರೋತೃಗಳೆ, ನನ್ನ ತಂದೆಯ ಮಾತಿಗಿಂತ ಈ ಮಾತು ದೊಡ್ಡದೆಂದು ನನಗೆ ತೋರುತ್ತದೆ. ಕೊಳ್ಳದಿದ್ದರೆ ಮುಟ್ಟಬೇಡವೆಂದು ಅವರು ಹೇಳಿದರು. ಅದು ಕೊಳ್ಳುವವನ ಮರ್ಯಾದೆ. ಮುಟ್ಟು, ಆದರೆ ಒಂದು ಮಾತು ಹೇಳಿ ಹೋಗು ಎಂದು ಇವಳು ಹೇಳುತ್ತಾಳೆ. ಇದು ಮಾರುವವಳ ಔದಾರ್ಯ. ರುಚಿ ನೋಡುವುದೆಂದರೆ ಪುಕ್ಕಟೆ ತಿನ್ನುವುದೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ಅವಳು ನಮ್ಮನ್ನು ತೀರ್ಪಿಗೆ ಕರೆಯುತ್ತಾಳೆ. ವಾರವೆಲ್ಲ ಹಾಲು ಕಾಯಿಸಿ, ಹೆಪ್ಪು ಹಾಕಿ, ಕಡೆದ ದುಡಿಮೆಯನ್ನು ಒಂದು ಚಿಟಿಕೆಯಲ್ಲಿ ನಮ್ಮ ಕೈಗೆ ಕೊಟ್ಟು, ಸಂತೆಯ ಎದುರಿನಲ್ಲಿ ಸಾಕ್ಷಿ ಹೇಳು ಎನ್ನುತ್ತಾಳೆ. ಸಾಕ್ಷಿಯಾದವನು ಬಾಯಿ ಮುಚ್ಚಿಕೊಂಡು ಎದ್ದುಹೋದರೆ ವ್ಯಾಜ್ಯ ಬಿದ್ದುಹೋಗುತ್ತದೆ.

“ಹಾಗಾದರೆ ಆ ಬೆಣ್ಣೆ ಏನಾಯಿತು?” ಎಂದು ಕೇಳಿದೆ.

“ಏನಾದದು? ಬೆಂಕಿಗೇನು ಎಂಜ್ಲಾ? ಕಾಯ್ಸಿ ತುಪ್ಪ ಮಾಡಿವ್ನಿ” ಎಂದು ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದಳು.

ನಾನು ಆ ತುಪ್ಪವನ್ನು ಕೊಳ್ಳುತ್ತೇನೆಂದು ಬಾಟಲಿಗೆ ಕೈಹಾಕಿದೆ. ಅವಳು ಕೊಡಲಿಲ್ಲ. ಮೊದಲು ರುಚಿ ನೋಡಬೇಕಂತೆ! ಅಂಗೈಯ ಕುಳಿಗೆ ಎರಡು ತೊಟ್ಟು ಬಿಟ್ಟಳು. ಎಲೆ ಮಾರುವಾತ ನೋಡುತ್ತಿದ್ದ, ಸೊಪ್ಪಿನವಳು ನೋಡುತ್ತಿದ್ದಳು. ನಾನು ನಾಲಗೆಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ, “ಚೆನ್ನಾಗಿದೆ ಅವ್ವಾ. ನುಗ್ಗೆಸೊಪ್ಪಿನ ಘಮ ಇದೆ. ಒಂದು ಘಳಿಗೆ ಮುಂಚೆ ಇಳಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ತುಸು ಕೆಂಪಗೆ ಕಾಯ್ದಿದೆ” ಎಂದೆ. ಹೊಗಳಿದಾಗ ಸುಮ್ಮನಿದ್ದವಳು ತಪ್ಪು ಹೇಳಿದಾಗ ಮುಖ ಅರಳಿಸಿದಳು. “ಊ ಕನ ಮೇಷ್ಟ್ರೆ! ಕರ ಹಗ್ಗ ಬಿಚ್ಕಂತು. ಅದ್ನ ಕಟ್ಟಾಕಿ ಬರಗಂಟ ಕೆಂಪಾಗೋಯ್ತು. ನಿಮ್ಗೆ ನಾಲ್ಗೆ ಅದೆ” ಎಂದಳು. ನನಗೆ ಅನೇಕ ಸಭೆಗಳಲ್ಲಿ ಹಾರ ಹಾಕಿದ್ದಾರೆ. ಈ ಮಾತಿಗೆ ಆದಷ್ಟು ಸಂತೋಷ ಯಾವ ಹಾರಕ್ಕೂ ಆಗಿರಲಿಲ್ಲ.

ಸೋದರಳಿಯನಿಗೆ ಫೋನು ಮಾಡಿ ನಡೆದುದನ್ನು ಹೇಳಿದೆ. ಅವನು ಬಹಳ ನೊಂದುಕೊಂಡ. “ಮಾವ, ಅಲ್ಲಿ ಮಾರ್ಗದರ್ಶಿ ಅಂಗಡಿಯವರಿಗೆ ಮೊದಲೇ ದುಡ್ಡು ಕೊಟ್ಟಿರ್ತಾನೆ. ಇಲ್ಲಿಯೂ ನಾವು ಆ ಯೋಚನೆ ಮಾಡಬೇಕಿತ್ತು” ಎಂದ. ಯೋಚನೆ ಮಾಡಬೇಕಾದವನು ಅವನಲ್ಲ, ಮುಂದೆ ನಡೆದ ನಾನು. ಬೊಕೆರಿಯಾದಲ್ಲಿಯೂ ಈ ತೊಂದರೆ ಇದ್ದೇ ಇತ್ತಂತೆ. ನೋಡುವುದಕ್ಕೆ, ಚಿತ್ರ ತೆಗೆಯುವುದಕ್ಕೆ ಬರುವವರು ಎಷ್ಟು ಹೆಚ್ಚಿದರೆಂದರೆ, ದಿನದ ಮೀನು ತರಕಾರಿ ಕೊಳ್ಳುವ ಊರಿನವರಿಗೆ ದಾರಿಯೇ ಇಲ್ಲದಂತಾಗಿ, 2015ರಲ್ಲಿ ನಗರಸಭೆಯವರು ಶುಕ್ರವಾರ ಶನಿವಾರಗಳಂದು ಜನ ಕಿಕ್ಕಿರಿಯುವ ಹೊತ್ತಿನಲ್ಲಿ ದೊಡ್ಡ ದೊಡ್ಡ ಪ್ರವಾಸಿ ಗುಂಪುಗಳು ಒಳಕ್ಕೆ ಬರಬಾರದೆಂದು ಕಟ್ಟಳೆ ಮಾಡಬೇಕಾಯಿತು. ಅಲ್ಲಿ ನಗರಸಭೆ ಹೇಳಿದ ಮಾತನ್ನು ಇಲ್ಲಿ ಬೆಣ್ಣೆಯ ಅವ್ವ ಹೇಳಿದಳು.

ಪಟ್ಟಣಗಳ ಮನೆಗಳಲ್ಲಿ ಕುಳಿತು ಇದನ್ನು ಕೇಳುತ್ತಿರುವ ನಿಮಗೆ ನನ್ನದು ಒಂದು ವಿಜ್ಞಾಪನೆ. ನಿಮ್ಮಲ್ಲಿ ಬಹು ಮಂದಿಗೆ ಈಗ ಪದಾರ್ಥಗಳು ಪೊಟ್ಟಣದಲ್ಲಿ ಬರುತ್ತವೆ. ಪೊಟ್ಟಣದ ಮೇಲೆ ತೂಕವಿದೆ, ತಾರೀಖಿದೆ, ಬೆಲೆಯಿದೆ. ಬಿಚ್ಚಿ ಒಂದು ಚೂರು ತಿಂದು ನೋಡುವ ಅಧಿಕಾರ ಮಾತ್ರ ಇಲ್ಲ. ಆ ಅಧಿಕಾರ ಉಳಿದಿರುವುದು ಸಂತೆಯಲ್ಲಿ. ವಾರಕ್ಕೊಮ್ಮೆಯಲ್ಲದಿದ್ದರೆ ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಏಳೆಂಟು ಜನ ಒಟ್ಟಾಗಿ ಬುಟ್ಟಿಗೆ ಮುತ್ತಬೇಡಿ; ಇಬ್ಬರು ಮೂವರು ಸಾಕು. ಜೇಬಿನಲ್ಲಿ ಚಿಲ್ಲರೆ ಇರಲಿ. ಅವರು ಕೊಟ್ಟದ್ದನ್ನು ತೆಗೆದುಕೊಳ್ಳಿ, ತಾವಾಗಿ ಕೈಹಾಕಬೇಡಿ. ಅಕ್ಕಿ, ಬೆಲ್ಲ, ಜೇನು, ರಾಗಿ—ಒಂದೊಂದನ್ನೂ ಹೇಗೆ ನೋಡಬೇಕೆಂದು ಮಾರುವವರನ್ನೇ ಕೇಳಿ. ಅವರಿಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ. ನೋಡಿದ ಮೇಲೆ ಒಂದು ಮಾತು ಹೇಳಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ, ಇಲ್ಲದಿದ್ದರೆ ಏಕೆ ಇಲ್ಲವೆಂದು ಹೇಳಿ. ಕೊಂಡರಂತೂ ಕೊಸರು ಬಂದೇ ಬರುತ್ತದೆ.

ಸೋದರಳಿಯ ಮತ್ತೆ ಬರುವೆನೆಂದು ಹೇಳಿದ್ದಾನೆ. ಈ ಸಲ ಒಬ್ಬ ಸ್ನೇಹಿತನನ್ನು ಮಾತ್ರ ಕರೆತರುತ್ತಾನಂತೆ—ಅಂದು ಎರಡನೆಯ ಸಲ ಬೆರಳು ಹಾಕಿದನಲ್ಲ, ಅವನನ್ನು. ಆ ಹುಡುಗನಿಗೆ ಅವ್ವನೊಡನೆ ಒಂದು ಮಾತು ಬಾಕಿ ಇದೆಯಂತೆ.